ಮಗಳ ಎಂ.ಬಿ.ಎ. ಓದು: ಸಾಲಕ್ಕೆ ಸಹಿ ಹಾಕುವ ಮುನ್ನ



ಪದವಿ ಫಲಿತಾಂಶ ಬಂದ ಮೇಲೆ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಮಗಳನ್ನು ಎಂ.ಬಿ.ಎ.ಗೆ ಸೇರಿಸೋಣವೇ?’ ಹಸು ನೋಡಲು ಬಂದ ನನ್ನನ್ನೂ ಕೆಲವರು ಕೇಳುತ್ತೀರಿ. ಓದಿಸುವ ಆಸೆ ಒಳ್ಳೆಯದೇ. ಆದರೆ ಹಸು ಕೊಳ್ಳುವಾಗ ನೀವು ದಲ್ಲಾಳಿಯ ಮಾತಿಗೆ ಹಣ ಕೊಡುವುದಿಲ್ಲ. ಎರಡು ಹೊತ್ತು ಹಾಲು ಕರೆದು ನೋಡುತ್ತೀರಿ, ಎಷ್ಟನೇ ಸೂಲು ಎಂದು ವಿಚಾರಿಸುತ್ತೀರಿ. ಕಾಲೇಜನ್ನೂ ಹಾಗೆಯೇ ಪರೀಕ್ಷಿಸಿ.

ಮೊದಲು ಲೆಕ್ಕ

ಉದಾಹರಣೆಗೆ, ವರ್ಷಕ್ಕೆ ಎರಡೂವರೆ ಲಕ್ಷದಂತೆ ಎರಡು ವರ್ಷಕ್ಕೆ 5 ಲಕ್ಷ ರೂ. ಸಾಲ, ಶೇ. 10ರ ಬಡ್ಡಿ ಎಂದುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಇರುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅಷ್ಟರಲ್ಲಿ ಸಾಲ ಸುಮಾರು 6.25 ಲಕ್ಷ ಆಗಿರುತ್ತದೆ. ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,400 ರೂ. ಕಟ್ಟಬೇಕು. ಲೀಟರಿಗೆ 35 ರೂ. ಹಿಡಿದರೂ ದಿನಕ್ಕೆ 10 ಲೀಟರ್ ಹಾಲಿನ ಬಟವಾಡೆ ಕಂತಿಗೇ ಹೋಯಿತು. ಮೇವು, ಹಿಂಡಿಯ ಖರ್ಚು ಬೇರೆ.

ಈಗಲೇ 15,000 ರೂ. ಕೆಲಸ ಸಿಗುವಂತಿದ್ದರೆ ಎರಡು ವರ್ಷದ ಆ 3.6 ಲಕ್ಷವೂ ತಪ್ಪುತ್ತದೆ. ಎಂ.ಬಿ.ಎ. ಮುಗಿಸಿ 20,000 ರೂ. ಸಂಬಳ ಬಂದರೆ, ಕಂತು ಕಳೆದು ಉಳಿಯುವುದು 9,600 ಮಾತ್ರ. ತಿಂಗಳಿಗೆ 25,000 ದಾಟಿದರೆ ಮಾತ್ರ ಓದದಿದ್ದಾಗಿನ ಸಂಬಳಕ್ಕೆ ಸಮ.

ಕಾಲೇಜಿನಲ್ಲಿ ಕೇಳಿ

1. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಅದಕ್ಕೆ ಯು.ಜಿ.ಸಿ. ಮಾನ್ಯತೆ ಇದೆಯೇ?

2. ಕಳೆದ ವರ್ಷ ಮುಗಿಸಿದವರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು? ಹೆಚ್ಚಿನವರ ಸಂಬಳ ಎಷ್ಟು? ಜಾಹೀರಾತಿನಲ್ಲಿ ಇರುವುದು ಎಲ್ಲರಿಗಿಂತ ಹೆಚ್ಚು ಪಡೆದವರ ಸಂಬಳ. ಹಾಲು ಕರೆಯುವ ಸ್ಪರ್ಧೆಯಲ್ಲಿ ಗೆದ್ದ ಹಸುವನ್ನು ನೋಡಿ ಎಲ್ಲ ಹಸುಗಳ ಹಾಲು ಅಳೆಯಲಾಗದು.

3. ಹಾಸ್ಟೆಲ್, ಪುಸ್ತಕ ಸೇರಿ ಒಟ್ಟು ಖರ್ಚೆಷ್ಟು? ಬರಹದಲ್ಲಿ ಪಡೆಯಿರಿ.

ಅಲ್ಲಿ ಓದಿದ ಇಬ್ಬರು ಮಕ್ಕಳನ್ನಾದರೂ ಮಾತನಾಡಿಸಿ.

ಬೇರೆ ದಾರಿಗಳು

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ಬರೆದು ಸರ್ಕಾರಿ ಸೀಟು ಪಡೆದರೆ ಶುಲ್ಕ ಕಡಿಮೆ. ಕೆಲಸ ಮಾಡುತ್ತಲೇ ಓದುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋದಲ್ಲಿ ಎಂ.ಬಿ.ಎ. ಇದೆ. ಸಹಕಾರ, ಹೈನುಗಾರಿಕೆಯ ಆಡಳಿತದಲ್ಲಿ ಆಸಕ್ತಿ ಇದ್ದರೆ ಗುಜರಾತಿನ ಆನಂದ್‌ನಲ್ಲಿ ಡಾ. ವರ್ಗೀಸ್ ಕುರಿಯನ್ 1979ರಲ್ಲಿ ಸ್ಥಾಪಿಸಿದ ಇರ್ಮಾ ಸಂಸ್ಥೆಯನ್ನೂ ವಿಚಾರಿಸಿ. ಪ್ರವೇಶಕ್ಕೆ ಪೈಪೋಟಿ ಹೆಚ್ಚು, ಶುಲ್ಕವನ್ನೂ ಮೊದಲೇ ತಿಳಿದುಕೊಳ್ಳಿ.

ಯಾವ ಕೆಲಸಕ್ಕಾಗಿ ಈ ಓದು ಎಂದು ಮಗಳು ಸ್ಪಷ್ಟವಾಗಿ ಹೇಳಿದರೆ, ಕಾಲೇಜಿನ ಉತ್ತರವೂ ಸರಿಯಿದ್ದರೆ ಧೈರ್ಯವಾಗಿ ಓದಿಸಿ. ‘ಎಲ್ಲರೂ ಸೇರುತ್ತಿದ್ದಾರೆ’ ಎಂಬುದೊಂದೇ ಕಾರಣವಾದರೆ, ಒಂದೆರಡು ವರ್ಷ ಕೆಲಸ ಮಾಡಿ ನೋಡಲಿ. ಎಂ.ಬಿ.ಎ. ಆಮೇಲೂ ಓದಬಹುದು. ಕರೆಯುವ ಹಸುವನ್ನು ಮಾರಿ ಶುಲ್ಕ ಕಟ್ಟುವ ಯೋಚನೆ ಮಾತ್ರ ಬೇಡ. ಸಾಲದ ಕಂತು ಶುರುವಾದಾಗ ಮನೆಗೆ ಆಸರೆಯಾಗುವುದು ಅದೇ ಹಸು.

– ಪಶುವೈದ್ಯಾಧಿಕಾರಿ