ಹಾಸಿಗೆ ಎಣಿಸುವ ಎದೆಬಡಿತ

ನಿದ್ದೆಯ ಪರೀಕ್ಷೆಗೆಂದು ಆಸ್ಪತ್ರೆಯಲ್ಲಿ ಮಲಗಿದವರ ತಲೆ, ಕಣ್ಣಂಚು, ಗಲ್ಲ, ಎದೆ, ಕಾಲುಗಳಿಗೆ ತಂತಿ ಅಂಟಿಸುತ್ತಾರೆ. ಮೂಗಿಗೊಂದು ನಳಿಕೆ, ಬೆರಳಿಗೊಂದು ಕ್ಲಿಪ್ಪು. ಕಾಯಿಲೆ ಗುರುತಿಸಲು ಇದಕ್ಕಿಂತ ನಂಬಿಕಸ್ಥ ವಿಧಾನವಿಲ್ಲ. ಆದರೆ ಹೀಗೆ ತಂತಿ ಸುತ್ತಿಕೊಂಡು ತಿಂಗಳುಗಟ್ಟಲೆ ಮಲಗಲು ಯಾರಿಂದಲೂ ಆಗದು. ವಯಸ್ಸಾದವರು, ಹೃದಯದ ತೊಂದರೆಯುಳ್ಳವರು ಮನೆಯಲ್ಲಿ ಎಂದಿನಂತೆ ಮಲಗಿರುವಾಗಲೇ ಎದೆಬಡಿತವನ್ನೂ ಉಸಿರಾಟವನ್ನೂ ಗಮನಿಸುವ ಉಪಾಯ ಬೇಕು. ಹಾಸಿಗೆಯಡಿ ಇಡುವ ತೆಳುವಾದ ಪಟ್ಟಿ ಅಂಥದೊಂದು ಉಪಾಯ.

ಮೈಯ ಹಿನ್ನೂಕು

ಹೃದಯ ಒಮ್ಮೆ ಕುಗ್ಗಿದಾಗ ಸುಮಾರು 70 ಮಿಲಿಲೀಟರ್ ರಕ್ತ ಮಹಾಪಧಮನಿಗೆ ಚಿಮ್ಮುತ್ತದೆ. ದೋಣಿಯಿಂದ ದಡಕ್ಕೆ ನೆಗೆದರೆ ದೋಣಿ ಹಿಂದಕ್ಕೆ ಸರಿಯುವಂತೆ, ರಕ್ತ ಮುನ್ನುಗ್ಗಿದಾಗ ಮೈ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಅಲುಗುತ್ತದೆ. ಸ್ಪ್ರಿಂಗ್ ತಕ್ಕಡಿಯ ಮೇಲೆ ನಿಂತವರ ಎದೆಬಡಿತಕ್ಕೆ ಸರಿಯಾಗಿ ಮುಳ್ಳು ತೊನೆಯುವುದನ್ನು ಜೆ. ಡಬ್ಲ್ಯು. ಗಾರ್ಡನ್ 1877ರಲ್ಲೇ ದಾಖಲಿಸಿದ್ದರು. 1930ರ ದಶಕದ ಕೊನೆಗೆ ಅಮೆರಿಕದ ವೈದ್ಯ ಐಸಾಕ್ ಸ್ಟಾರ್, ರೋಗಿಯನ್ನು ಅಲುಗಾಡಬಲ್ಲ ಮೇಜಿನ ಮೇಲೆ ಮಲಗಿಸಿ ಈ ಅಲುಗಾಟವನ್ನು ಗೆರೆಯಾಗಿ ಮೂಡಿಸಿದರು. ಈ ವಿಧಾನಕ್ಕೆ ಬ್ಯಾಲಿಸ್ಟೋಕಾರ್ಡಿಯೋಗ್ರಫಿ ಎಂದು ಹೆಸರು. ಇಸಿಜಿ ಮತ್ತು ಎಕೋ ಪರೀಕ್ಷೆಗಳು ಬೇರೂರಿದ ಮೇಲೆ ಇದು ಮೂಲೆಗೆ ಸರಿಯಿತು. ಸೂಕ್ಷ್ಮ ಸಂವೇದಕಗಳೂ ಅಗ್ಗದ ಕಂಪ್ಯೂಟರ್ ಚಿಪ್ಪುಗಳೂ ಬಂದಾಗ ಮತ್ತೆ ತಲೆಯೆತ್ತಿತು.

ಉಸಿರು ಬೇರೆ, ಬಡಿತ ಬೇರೆ

ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಪೀಜೋ ಸಂವೇದಕವಿರುತ್ತದೆ. ಅದು ಒತ್ತಡ ಬದಲಾದಾಗಲೆಲ್ಲ ಅಲ್ಪ ವಿದ್ಯುತ್ ಹೊಮ್ಮಿಸುತ್ತದೆ. ಎದೆ ಏರಿಳಿಯುವ ದೊಡ್ಡ ಅಲೆ ಉಸಿರಿನದು, ಅದರ ಮೇಲೆ ಕೂತ ಕಿರುಅಲೆಗಳು ಹೃದಯದವು. ವಯಸ್ಕರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಹೃದಯ ಅದಕ್ಕಿಂತ ಹಲವು ಪಟ್ಟು ವೇಗವಾಗಿ ಬಡಿಯುತ್ತದೆ. ಈ ವೇಗದ ಅಂತರ ಹಿಡಿದೇ ಗಣಕ ಎರಡನ್ನೂ ಬೇರ್ಪಡಿಸುತ್ತದೆ. ಎಚ್ಚರದಲ್ಲಿ ಕೈಕಾಲಿನ ಚಲನೆ ಈ ಅಲೆಗಳನ್ನು ನುಂಗಿಹಾಕುತ್ತದೆ. ನಿದ್ದೆಯಲ್ಲಿ ಮೈ ನಿಶ್ಚಲವಾಗಿರುವುದರಿಂದಲೇ ಎಣಿಕೆ ಸಾಧ್ಯ.

ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಡೋಜೀ ಕಂಪನಿಯ ಹಾಸಿಗೆಯಡಿಯ ಹಾಳೆಗಳು ಇದೇ ತತ್ವದವು. ಕೋವಿಡ್ ಕಾಲದಲ್ಲಿ ಅವು ಆಸ್ಪತ್ರೆಯ ವಾರ್ಡುಗಳಲ್ಲೂ ಬಳಕೆಗೆ ಬಂದವು. ಪಟ್ಟಿಯೂ ಬೇಡವೆನ್ನುವವರಿಗೆ ರೇಡಾರ್ ಇದೆ. ಗೂಗಲ್ 2021ರಲ್ಲಿ ತಂದ ನೆಸ್ಟ್ ಹಬ್ ಎಂಬ ಸಾಧನ, ಮಂಚದ ಪಕ್ಕದಲ್ಲೇ ಕೂತು ರೇಡಿಯೋ ಅಲೆಗಳಿಂದ ಮಲಗಿದವರ ಉಸಿರಾಟವನ್ನು ಗುರುತಿಸುತ್ತದೆ.

ಎಡವುವುದು ಎಲ್ಲಿ?

ಇಬ್ಬರು ಮಲಗುವ ಮಂಚದಲ್ಲಿ ಒಬ್ಬರ ಅಲುಗಾಟ ಇನ್ನೊಬ್ಬರ ಲೆಕ್ಕಕ್ಕೆ ಸೇರಬಹುದು. ಮಗ್ಗುಲು ಬದಲಿಸಿದಷ್ಟು ಹೊತ್ತು ಎಣಿಕೆ ತಪ್ಪುತ್ತದೆ. ಇದಕ್ಕಿಂತ ಗಂಭೀರವಾದದ್ದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ 10 ಸೆಕೆಂಡ್ ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುವ ತೊಂದರೆ. ಗಂಟಲು ಮುಚ್ಚಿಕೊಂಡು ಗಾಳಿ ಒಳಹೋಗದಿದ್ದರೂ ಎದೆ ಹೆಣಗುತ್ತಲೇ ಇರುತ್ತದೆ. ಎದೆಯ ಚಲನೆಯನ್ನಷ್ಟೇ ನೋಡುವ ಸಾಧನ ಅದನ್ನೇ ಉಸಿರಾಟವೆಂದು ಬಗೆದೀತು. ರಕ್ತದ ಆಮ್ಲಜನಕವನ್ನು ಹಾಸಿಗೆಯಡಿಯ ಪಟ್ಟಿ ಅಳೆಯಲಾರದು. ಬಡಿತ ತಾಳ ತಪ್ಪುತ್ತಿದೆ ಎಂಬ ಸುಳಿವು ಕೊಟ್ಟರೂ ಖಚಿತಪಡಿಸಲು ಇಸಿಜಿಯೇ ಬೇಕು.

ಆದ್ದರಿಂದ ಒಂದು ರಾತ್ರಿಯ ಅಂಕಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ವಾರಗಟ್ಟಲೆ ಒಂದೇ ಮಟ್ಟದಲ್ಲಿದ್ದ ಉಸಿರಾಟದ ವೇಗ ಮೂರ್ನಾಲ್ಕು ರಾತ್ರಿ ಸತತವಾಗಿ ಏರಿದರೆ ಅದಕ್ಕೆ ಅರ್ಥವಿದೆ: ಶ್ವಾಸಕೋಶದ ಸೋಂಕಿನಲ್ಲೂ ಹೃದಯ ದುರ್ಬಲವಾದಾಗಲೂ ಹೀಗಾಗುತ್ತದೆ. ಇಂಥ ಸಾಧನ ಕೊಳ್ಳುವ ಮೊದಲು, ಮಾಹಿತಿ ಎಲ್ಲಿ ಉಳಿಯುತ್ತದೆ, ಯಾರ ಕೈಗೆ ಸಿಗುತ್ತದೆ ಎಂದು ವಿಚಾರಿಸಿ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವುದನ್ನು ಮನೆಯವರು ಕಂಡಿದ್ದರೆ, ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ, ಪಟ್ಟಿ ಎಲ್ಲ ಸರಿಯಿದೆ ಎಂದು ತೋರಿಸಿದರೂ ವೈದ್ಯರನ್ನು ಕಾಣಿ.