ಹೇಮಾವತಿಯ ದಡದಿಂದ ಮರಿಯಮ್ಮನ ದ್ವೀಪಕ್ಕೆ

ಕಬಿನಿ, ನುಗು, ತಾರಕ ಜಲಾಶಯಗಳ ನಡುವೆ ಬೆಳೆಯುವ ನಮ್ಮ ಹೆಗ್ಗಡದೇವನಕೋಟೆ ಸೀಮೆಯ ಮಕ್ಕಳಿಗೆ ನೀರು ಅಪರಿಚಿತವಲ್ಲ. ಆದರೆ ಆಚೆಯ ದಡವೇ ಕಾಣದ ನೀರನ್ನು ಕಂಡವರು ಅವರಲ್ಲಿ ವಿರಳ. ಹ್ಯಾಂಡ್‌ಪೋಸ್ಟ್ ಸುತ್ತಲಿನ ನಮ್ಮ ವಿದ್ಯಾರ್ಥಿಗಳು ಶನಿವಾರ, ಭಾನುವಾರ ಎರಡು ದಿನ ಕರಾವಳಿಗೆ ಹೋಗಿಬರುವ ಆಸೆಯನ್ನು ಮುಂದಿಟ್ಟಾಗ, "ಓದು ಬಿಟ್ಟು ಅಲೆದಾಟ ಯಾಕೆ ಸ್ವಾಮಿ?" ಎಂದು ಕೆಲವು ತಂದೆತಾಯಂದಿರು ಕೇಳಿದ್ದು ಸಹಜವೇ. ಹತ್ತಿ, ತಂಬಾಕಿನ ಬೆಲೆಯನ್ನು ನಂಬಿ ಬದುಕುವ ಮನೆಗಳಲ್ಲಿ ಬಸ್ಸಿನ ಬಾಡಿಗೆಯೂ ಲೆಕ್ಕಕ್ಕೆ ಬರುವ ವಿಷಯ. ಮಕ್ಕಳು ಅಲ್ಲಿ ಏನನ್ನು ಕಂಡರೆಂಬುದನ್ನು ಆ ಹಿರಿಯರಿಗಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಹುಣಸೂರು, ಕೃಷ್ಣರಾಜನಗರ, ಹೊಳೆನರಸೀಪುರಗಳನ್ನು ದಾಟಿ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯನ್ನು ಮೊದಲು ಸೇರಿದೆವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬೊವಾ ಇದೇ ಜಿಲ್ಲೆಯ ಸತ್ತಿಹಳ್ಳಿಯಲ್ಲಿ ಅವರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸೀಮೆಯ ಜನ ಅವರನ್ನು ದೊಡ್ಡಸ್ವಾಮಿಯೆಂದು ಕರೆದರು. ಅವರ ನಂತರದ ಪೀಳಿಗೆಯ ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ದೇವಾಲಯವನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಾಗ ಊರು ಎತ್ತರದ ನೆಲಕ್ಕೆ ಸರಿಯಿತು, ದೇವಾಲಯ ಅಲ್ಲಿಯೇ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ಗೋಡೆಗಳಿಗೆ ಈಗ ಮಾಡಿಲ್ಲ. ಕಮಾನುಗಳ ನಡುವೆ ಆಕಾಶವೇ ಚಾವಣಿ.

ಐರ್ಲೆಂಡಿನಲ್ಲಿಯೂ ಇಂಥ ದೃಶ್ಯಗಳು ಹೇರಳ. ಷ್ಯಾನನ್ ನದಿಯ ದಡದಲ್ಲಿ ಸಂತ ಕಿಯರನ್ 6ನೆಯ ಶತಮಾನದಲ್ಲಿ ಸ್ಥಾಪಿಸಿದ ಕ್ಲಾನ್‌ಮಕ್‌ನಾಯ್ಸ್ ಮಠದ ಚಾವಣಿಯಿಲ್ಲದ ಗುಡಿಗಳನ್ನು ನೋಡಲು ಅಲ್ಲಿಯ ವಿದ್ಯಾರ್ಥಿಗಳು ರಜೆಯಲ್ಲಿ ಹೋಗುತ್ತಾರೆ. ಅವನ್ನು ಹಾಳುಗೆಡವಿದ್ದು ಸೈನಿಕರ ದಾಳಿ. ಇಲ್ಲಿ ರೈತನ ಹೊಲಕ್ಕೆ ಹರಿಯಬೇಕಾದ ನೀರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ಮಕ್ಕಳಿಗೆ ವಿವರಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ನಡುವೆ ಮಾತು ತೆಗೆದಳು: "ಫಾದರ್, ನಮ್ಮ ತಾತನ ಊರೂ ಕಬಿನಿಯೊಳಗೇ ಹೋಯಿತು. ಅಲ್ಲಿ ಹೋಗಿ ನಿಲ್ಲೋಣವೆಂದರೆ ಇಂಥ ಒಂದು ಗೋಡೆಯೂ ಉಳಿಯಲಿಲ್ಲ." ಕಬಿನಿ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ. ಅಂದು ಎದ್ದುಹೋದ ಮನೆಗಳ ಮೊಮ್ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿದ್ದಾರೆ. ಆ ಹುಡುಗಿಗೆ ಹೇಳಲು ನನ್ನ ಬಳಿ ತತ್ತ್ವಶಾಸ್ತ್ರವಿರಲಿಲ್ಲ. ಎಲ್ಲರೂ ಅಲ್ಲಿಯೇ ನಿಂತು, ಊರು ಕಳೆದುಕೊಂಡು ಮೃತರಾದ ಹಿರಿಯರಿಗಾಗಿ ಪ್ರಾರ್ಥಿಸಿದೆವು.

ಸಕಲೇಶಪುರ, ಶಿರಾಡಿ ಘಟ್ಟಗಳ ಹಸಿರನ್ನು ಬಣ್ಣಿಸಲು ಹೊರಟರೆ ಅಂಕಣದ ಜಾಗ ಸಾಲದು. ಮರುದಿನ ಬೆಳಗಿನ ಬಲಿಪೂಜೆ ಕಲ್ಯಾಣಪುರದ ಮಿಲಾಗ್ರಿಸ್ ಪ್ರಧಾನಾಲಯದಲ್ಲಿ. 2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟ ಉಡುಪಿ ಧರ್ಮಪ್ರಾಂತ್ಯದ ಮಾತೃ ದೇವಾಲಯವದು. ಪೂಜೆ ಕೊಂಕಣಿಯಲ್ಲಿ ನಡೆದರೂ ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಎಂಬುದರಲ್ಲಿ ನಮ್ಮವರು ತಡವರಿಸಲಿಲ್ಲ. ಹಾಡುಗಳಿಗೆ ಮಾತ್ರ ಮೌನ!

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದೆವು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮಾತೆ ಮರಿಯಳ ಹೆಸರಿಟ್ಟನೆಂಬುದು ಪ್ರತೀತಿ. ಯಾರೋ ಕಡೆದು ಜೋಡಿಸಿಟ್ಟಂತೆ ಬಹುಭುಜಗಳ ಕಲ್ಲುಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಕುದಿಯುವ ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಈ ಆಕಾರ ತಾಳಿತು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಬಿರಿಯುವುದನ್ನು ಕಂಡ ನಮ್ಮ ಮಕ್ಕಳಿಗೆ ಇದು ಕೂಡಲೇ ತಿಳಿಯಿತು. ಉತ್ತರ ಐರ್ಲೆಂಡಿನ ಕಡಲಂಚಿನಲ್ಲಿಯೂ ಇಂಥ ಸುಮಾರು 40,000 ಕಂಬಗಳಿವೆ. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿಗೆ ದಾಟಲು ಹಾಸಿದ ದಾರಿಯೆಂದು ಅಲ್ಲಿಯವರ ಕಥೆ. ವಯಸ್ಸಿನಲ್ಲಿ ನಮ್ಮ ಮಲ್ಪೆಯ ಕಲ್ಲೇ ಹಿರಿಯದು. ಅದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಖಂಡದಿಂದ ಬೇರೆಯಾಗುತ್ತಿದ್ದ ಕಾಲದ್ದು.

ಈ ಅಂಕಿ ಕೇಳಿದ್ದೇ ತಡ, ಪಿಯುಸಿ ವಿಜ್ಞಾನ ಓದುವ ಹುಡುಗನೊಬ್ಬ ಕೇಳಿದ: "ಫಾದರ್, ಆದಿಕಾಂಡದಲ್ಲಿ ಆರೇ ದಿನ ಅಂತಿದೆಯಲ್ಲ?" ಮನೆಯಲ್ಲಿ ಇಂಥ ಪ್ರಶ್ನೆಗೆ "ಸುಮ್ಮನಿರು" ಎನ್ನುವವರಿದ್ದಾರೆ. ಮಗು ಸುಮ್ಮನಾಗುತ್ತದೆ, ನಿಜ. ಆದರೆ ಕಾಲೇಜು ಮುಗಿಯುವ ಹೊತ್ತಿಗೆ ದೇವಾಲಯಕ್ಕೂ ಬಾರದಾಗುತ್ತದೆ. ಸೂರ್ಯ ಸೃಷ್ಟಿಯಾದದ್ದೇ ನಾಲ್ಕನೆಯ ದಿನವಾದರೆ ಮೊದಲ ಮೂರು ದಿನಗಳನ್ನು ಅಳೆದ ಬಗೆ ಹೇಗೆ? ಸಂತ ಅಗಸ್ಟೀನರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಈ ಸಮಸ್ಯೆಯನ್ನು ಎದುರಿಸಿ, ಅವು ನಮ್ಮ ಗಡಿಯಾರದ ದಿನಗಳಲ್ಲವೆಂದು ಕಂಡುಕೊಂಡರು. ಅಷ್ಟೇ ಅಲ್ಲ, ಕೆಳಗಿನ ಶಿಲಾಸ್ತರ ಮೇಲಿನದಕ್ಕಿಂತ ಹಳೆಯದೆಂಬ ನಿಯಮವನ್ನು 1669ರಲ್ಲಿ ಪ್ರಕಟಿಸಿದ ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ ಮುಂದೆ ಗುರುವಾಗಿ, ಧರ್ಮಾಧ್ಯಕ್ಷರಾದರು. ಪೋಪ್ ಎರಡನೇ ಜಾನ್ ಪಾಲರು 1988ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. ಕಲ್ಲನ್ನು ಓದಿದವರೇ ಶಿಲುಬೆಯನ್ನೂ ಹೊತ್ತರು.

ಹುಡುಗ ತೃಪ್ತನಾದನೋ ಇಲ್ಲವೋ, "ಹಾಗಾದರೆ ಆ ದಿನಗಳ ಅರ್ಥವೇನು?" ಎಂಬ ಮರುಪ್ರಶ್ನೆ ಬಸ್ಸಿನಲ್ಲಿ ಘಟ್ಟ ಹತ್ತುವವರೆಗೂ ನಡೆಯಿತು. ಜಪಸರಕ್ಕೆ ಕುಳಿತಾಗಲೇ ಅದು ನಿಂತದ್ದು.

ಇತರ ಧರ್ಮಕೇಂದ್ರಗಳವರು ಹೋಗಬಯಸಿದರೆ ಒಂದು ಮಾತು. ಮಳೆಗಾಲದಲ್ಲಿ ಮಲ್ಪೆಯ ದೋಣಿ ಓಡದು. ಶೆಟ್ಟಿಹಳ್ಳಿಯ ಒಳಾಂಗಣಕ್ಕೆ ಕಾಲಿಡಲು ನೀರು ಇಳಿದಿರಬೇಕು. ಆದ್ದರಿಂದ ಬೇಸಿಗೆಯೇ ಸೂಕ್ತ. ಅಲ್ಲಿಯ ಗೋಡೆಗಳು ವರ್ಷದಿಂದ ವರ್ಷಕ್ಕೆ ಶಿಥಿಲವಾಗುತ್ತಿವೆ. ಮಕ್ಕಳು ಹತ್ತದಂತೆ, ಒರಗದಂತೆ ನೋಡಿಕೊಳ್ಳಿರಿ. ಹೋಗುವುದಾದರೆ ಬೇಗನೆ ಹೋಗಿರಿ.