ಜಾಹೀರಾತು ಬೇಡವೆಂದ ಮೇಷ್ಟ್ರು

ಎಂಬತ್ತರ ದಶಕದಲ್ಲಿ ನಾನು ಕುಷ್ಟಗಿಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ನಮ್ಮ ಓಣಿಯ ಕ್ಷೌರದಂಗಡಿಯೇ ನಮಗೆ ವಾಚನಾಲಯ. ವಾರಕ್ಕೊಮ್ಮೆ ಅಲ್ಲಿಗೊಂದು ಕಪ್ಪು-ಬಿಳುಪಿನ ಪತ್ರಿಕೆ ಬರುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದಿದರೆ ನಾಲ್ವರು ಕಿವಿಗೊಡುತ್ತಿದ್ದರು. ಒಮ್ಮೆ ಅದನ್ನು ವಿಜ್ಞಾನ ಪುಸ್ತಕದೊಳಗೆ ಇಟ್ಟುಕೊಂಡು ಓದುವಾಗ ಅಪ್ಪನ ಕೈಗೆ ಸಿಕ್ಕಿಬಿದ್ದೆ. "ಸಾಲಿ ಓದೋ ಹುಡುಗಗ ರಾಜಕೀಯ ಯಾಕ?" ಎಂದು ಗದರಿದರು. ಮೊನ್ನೆ ಪಾಲಕರ ಸಭೆಯಲ್ಲಿ ತಂದೆಯೊಬ್ಬರು ಅದೇ ಪ್ರಶ್ನೆಯನ್ನು ನನಗೆ ಕೇಳಿದರು. ಅಂದು ಅಪ್ಪನಿಗೆ ಕೊಡಲಾಗದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಆ ಪತ್ರಿಕೆ 'ಲಂಕೇಶ್ ಪತ್ರಿಕೆ'. ಅದರ ಸಂಪಾದಕ ಪಿ. ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ. ಹಳ್ಳಿಯ ಈ ಹುಡುಗ ಇಂಗ್ಲಿಷ್ ಎಂ.ಎ. ಮಾಡಿ ಅಧ್ಯಾಪಕರಾದರು. ಕಥೆ, ಕವಿತೆ, ನಾಟಕ, ಕಾದಂಬರಿಗಳನ್ನು ಬರೆದರು. ಅವರು ನಿರ್ದೇಶಿಸಿದ 'ಪಲ್ಲವಿ' ಚಿತ್ರಕ್ಕೆ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. 'ಕಲ್ಲು ಕರಗುವ ಸಮಯ' ಕಥಾಸಂಕಲನಕ್ಕೆ 1993ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅಧ್ಯಾಪನ ಬಿಟ್ಟ ಮೇಲೂ ಅವರು ಬಳಗದವರಿಗೆಲ್ಲ 'ಮೇಷ್ಟ್ರು' ಆಗಿಯೇ ಉಳಿದರು.

1980ರಲ್ಲಿ ಪತ್ರಿಕೆ ಆರಂಭಿಸಿದಾಗ ಅವರು ಜಾಹೀರಾತು ಬೇಡವೆಂದು ತೀರ್ಮಾನಿಸಿದರು. ಇದರ ಲೆಕ್ಕ ವಿದ್ಯಾರ್ಥಿಗಳಿಗೂ ಸುಲಭವಾಗಿ ತಿಳಿಯುವಂಥದು. ಪತ್ರಿಕೆಗೆ ಹಣ ಬರುವ ದಾರಿ ಎರಡು: ಓದುಗ ಕೊಡುವ ಬೆಲೆ ಮತ್ತು ಜಾಹೀರಾತು. ಎರಡನೆಯದನ್ನೇ ನಂಬಿದರೆ ಅದನ್ನು ಕೊಡುವ ಸರ್ಕಾರಕ್ಕಾಗಲಿ ಸಾಹುಕಾರನಿಗಾಗಲಿ ಮುಜುಗರವಾಗುವ ಸುದ್ದಿ ಬರೆಯಲು ಕೈ ಹಿಂಜರಿಯುತ್ತದೆ. ಮೊದಲನೆಯದನ್ನು ಮಾತ್ರ ನಂಬಿದರೆ ಓದುಗನೊಬ್ಬನೇ ಯಜಮಾನ. ಗಾಂಧೀಜಿಯವರೂ ತಮ್ಮ ಪತ್ರಿಕೆಗಳಿಂದ ಜಾಹೀರಾತನ್ನು ದೂರವಿಟ್ಟಿದ್ದರು.

ಆಗ ಮುಖ್ಯಮಂತ್ರಿಯಾಗಿದ್ದವರು ಗುಂಡೂರಾವ್. ಪತ್ರಿಕೆ ಅವರ ಸರ್ಕಾರವನ್ನು ವಾರವಾರವೂ ಟೀಕಿಸಿತು. 1983ರಲ್ಲಿ ಅಧಿಕಾರ ಬದಲಾಗಿ ರಾಮಕೃಷ್ಣ ಹೆಗಡೆಯವರು ಬಂದರು. ಲಂಕೇಶ್ ಅವರನ್ನೂ ಬಿಡಲಿಲ್ಲ. ನಮ್ಮ ಕ್ಷೌರದಂಗಡಿಯಲ್ಲಿ ಮೊದಲು ಚಪ್ಪಾಳೆ ತಟ್ಟಿದವರೇ ಆಮೇಲೆ ಮುಖ ಗಂಟಿಕ್ಕಿದ್ದನ್ನು ನಾನು ನೋಡಿದ್ದೇನೆ. ಜ್ವರ ತೋರಿಸಿದ್ದಕ್ಕೆ ಥರ್ಮಾಮೀಟರನ್ನು ಬೈದರೆ ಜ್ವರ ಇಳಿಯುವುದೇ?

ಹಾಗೆಂದು ಎಲ್ಲವನ್ನೂ ಹೊಗಳಬೇಕಿಲ್ಲ. ರಾಜಕಾರಣಿಗಳಿಗೆ ಅಡ್ಡಹೆಸರಿಟ್ಟು ಕಟಕಿಯಾಡುವ ಅದರ ಭಾಷೆ ಹಲವರನ್ನು ನೋಯಿಸಿತು. ಮಾನನಷ್ಟ ಮೊಕದ್ದಮೆಗಳೂ ಬಂದವು. ಅಪ್ಪನ ಆಕ್ಷೇಪದಲ್ಲಿ ಅಷ್ಟರಮಟ್ಟಿಗೆ ಹುರುಳಿತ್ತು. ಆದರೆ ಅದೇ ಪತ್ರಿಕೆ ಅದುವರೆಗೆ ಕೇಳಿಸದಿದ್ದ ದನಿಗಳಿಗೂ ಜಾಗ ಕೊಟ್ಟಿತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಅಲ್ಲಿಯೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಒಂದು ಕಾಲಕ್ಕೆ ಅದರ ವರದಿಗಾರ್ತಿ.

ಲಂಕೇಶ್ 2000ದ ಜನವರಿ 25ರಂದು ತೀರಿಕೊಂಡರು. ಪತ್ರಿಕೆಯ ಹೊಣೆ ಹೊತ್ತ ಮಗಳು ಗೌರಿ, 2005ರಲ್ಲಿ ತಮ್ಮದೇ ಹೆಸರಿನ ವಾರಪತ್ರಿಕೆ ಆರಂಭಿಸಿದರು. 2017ರ ಸೆಪ್ಟೆಂಬರ್ 5ರಂದು ನಾವು ಶಾಲೆಯಲ್ಲಿ ಶಿಕ್ಷಕರ ದಿನಾಚರಣೆ ಮುಗಿಸಿ, ಮಕ್ಕಳು ಕೊಟ್ಟ ಹೂವು ಹಿಡಿದು ಮನೆಗೆ ಬಂದಿದ್ದೆವು. ರಾತ್ರಿ ಟಿ.ವಿ. ಹಾಕಿದರೆ, ಬೆಂಗಳೂರಿನ ತಮ್ಮ ಮನೆಯೆದುರೇ ಗೌರಿ ಗುಂಡಿಗೆ ಬಲಿಯಾದ ಸುದ್ದಿ. ಮರುದಿನ ತರಗತಿಯಲ್ಲಿ ಹುಡುಗಿಯೊಬ್ಬಳು, "ಬರದಿದ್ದಕ್ಕ ಕೊಲ್ತಾರೇನ್ರಿ ಸರ್?" ಎಂದಳು. ನನ್ನ ಕೈಯಲ್ಲಿ ಸೀಮೆಸುಣ್ಣ ಹಾಗೆಯೇ ಉಳಿಯಿತು.

ನಮ್ಮ ಭಾಗಕ್ಕೆ ಈ ಪ್ರಶ್ನೆ ಹೊಸದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮರ ಸಂಸ್ಥಾನದಲ್ಲಿದ್ದಾಗ, 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯೆಬುಲ್ಲಾ ಖಾನರನ್ನು ರಜಾಕಾರರು ಕೊಂದರು. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದದ್ದೇ ಅವರ ತಪ್ಪು. ಮರುತಿಂಗಳೇ, ಸೆಪ್ಟೆಂಬರ್ 17ರಂದು, ನಾವು ಸ್ವತಂತ್ರರಾದೆವು.

ಪಾಲಕರೇ, ಮಕ್ಕಳಿಗೆ ಯಾವ ಪಕ್ಷವನ್ನೂ ಕಲಿಸಬೇಡಿ. ವಿಜ್ಞಾನದ ಪಾಠದಲ್ಲಿ ನಾವು ಕೇಳುವ ಪ್ರಶ್ನೆಗಳನ್ನು ಸುದ್ದಿಗೂ ಕೇಳಲು ಕಲಿಸಿ: ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಆಧಾರವೇನು? ವಾರಕ್ಕೊಮ್ಮೆಯಾದರೂ ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಅವರೊಡನೆ ಕುಳಿತು ಓದಿ. ಮೊಬೈಲಿನಲ್ಲಿ ಬಂದದ್ದೆಲ್ಲ ನಿಜವೆಂದು ನಂಬುವ ಈ ಕಾಲದಲ್ಲಿ ಅಷ್ಟು ಮಾಡಿದರೂ ಸಾಕು. ವಿಜ್ಞಾನ ಪುಸ್ತಕದೊಳಗೆ ಪತ್ರಿಕೆಯನ್ನು ಬಚ್ಚಿಡುವ ಅಗತ್ಯ ಯಾವ ಹುಡುಗನಿಗೂ ಬರಬಾರದು.